ಪ್ಯಾಟಗೋನಿಯದ ಕಲ್ಲಿಗೆ ವಯಸ್ಸೆಷ್ಟು?

ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಬಂದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಆರು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದನ್ನು ಕಂಡುಕೊಂಡು, ಇದಕ್ಕೆ ಇಷ್ಟು ವರ್ಷ ಎಂದು ಹೇಳಿಬಿಡುತ್ತಾನೆ. ಮಾರುವವನ ಮಾತು ಏನೇ ಇರಲಿ, ಹಲ್ಲು ಸುಳ್ಳಾಡದು ಎಂಬುದು ಅವನ ನಂಬಿಕೆ. ಆ ನಂಬಿಕೆಗೆ ಆಧಾರವೂ ಉಂಟು. ಯಾವ ವಯಸ್ಸಿಗೆ ಯಾವ ಹಲ್ಲು ಬೀಳುತ್ತದೆ, ಯಾವುದು ಹುಟ್ಟುತ್ತದೆ ಎಂಬುದನ್ನು ನಮ್ಮ ರೈತರು ತಲೆಮಾರುಗಳಿಂದ ಕಣ್ಣಾರೆ ಕಂಡು ಬಲ್ಲರು. ವರ್ಷದ ಲೆಕ್ಕ ಮೊದಲೇ ಗೊತ್ತಿರುವುದರಿಂದ ಹಲ್ಲಿನ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ.

ಆದರೆ ಹಲ್ಲನ್ನು ನೋಡಿ ಪ್ರಾಣಿಯ ವಯಸ್ಸನ್ನಲ್ಲ, ಆ ಹಲ್ಲು ಹುದುಗಿರುವ ಬಂಡೆಯ ವಯಸ್ಸನ್ನೇ ಹೇಳಬೇಕಾಗಿ ಬಂದರೆ? ವರ್ಷದ ಲೆಕ್ಕ ಗೊತ್ತಿರುವವರು ಯಾರೂ ಅಲ್ಲಿಲ್ಲ. ಆ ಪ್ರಾಣಿಯನ್ನು ಜೀವಂತವಾಗಿ ಕಂಡವರೂ ಇಲ್ಲ. ಹಾಗಿದ್ದೂ ಭೂವಿಜ್ಞಾನಿಗಳು ಸುಮಾರು ಇನ್ನೂರು ವರ್ಷಗಳಿಂದ ಈ ಸಾಹಸವನ್ನು ನಡೆಸುತ್ತಲೇ ಬಂದಿದ್ದಾರೆ. ಈ ಸಾಹಸ ಎಲ್ಲಿಯವರೆಗೆ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯಲು ದಕ್ಷಿಣ ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ನಾನು ಭೂವಿಜ್ಞಾನಿಯಲ್ಲ, ಆ ಶಾಸ್ತ್ರದ ಒಬ್ಬ ಆಸಕ್ತ ಓದುಗ ಮಾತ್ರ. ಓದಿ ನನ್ನ ಮನಸ್ಸಿನಲ್ಲಿ ನಿಂತುದನ್ನು ಕೇಳುಗರ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲು ಒಂದು ಮೂಲ ಸೂತ್ರವನ್ನು ನೆನಪು ಮಾಡಿಕೊಳ್ಳೋಣ. ನದಿ, ಸರೋವರ, ಸಮುದ್ರಗಳ ತಳದಲ್ಲಿ ಕೂಡಿಕೊಳ್ಳುವ ಮಣ್ಣು, ಮರಳುಗಳು ಒಂದರ ಮೇಲೊಂದು ಪದರಗಳಾಗಿ ಗಟ್ಟಿಯಾಗುತ್ತವೆ. ಬುಡಮೇಲಾಗದ ಪಕ್ಷದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಂದೊಂದು ಪದರದಲ್ಲಿಯೂ ಆಯಾ ಕಾಲದ ಜೀವಿಗಳ ಅವಶೇಷಗಳು ಕಲ್ಲಾಗಿ ಉಳಿದಿರುತ್ತವೆ. ಇವೇ ಪಳೆಯುಳಿಕೆಗಳು. ಇಂಗ್ಲೆಂಡಿನಲ್ಲಿ ಕಾಲುವೆಗಳನ್ನು ತೋಡಿಸುತ್ತಿದ್ದ ವಿಲಿಯಂ ಸ್ಮಿತ್ ಎಂಬ ಮೋಜಣಿದಾರ, ಪಳೆಯುಳಿಕೆಗಳ ಸಹಾಯದಿಂದ ದೂರದೂರದ ಪದರಗಳನ್ನು ಒಂದೇ ಎಂದು ಗುರುತಿಸಬಹುದೆಂಬುದನ್ನು ತೋರಿಸಿಕೊಟ್ಟ. ಒಂದೇ ಬಗೆಯ ಶಂಖ, ಚಿಪ್ಪುಗಳು ಎರಡು ಊರುಗಳ ಬಂಡೆಗಳಲ್ಲಿ ಸಿಕ್ಕಿದರೆ ಆ ಬಂಡೆಗಳು ಸಮಕಾಲೀನವೆಂದು ಊಹಿಸಬಹುದು. ಈ ಸೂತ್ರದಿಂದ ಯೂರೋಪಿನ ಬಂಡೆಗಳಿಗೆ ಒಂದು ಕಾಲಾನುಕ್ರಮ ಸಿದ್ಧವಾಯಿತು. ಅದು ಕ್ರಮ ಮಾತ್ರ, ವರ್ಷವಲ್ಲ ಎಂಬುದನ್ನು ಮರೆಯಬಾರದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅದು ಹೇಳುತ್ತದೆ. ಎಷ್ಟು ಕಾಲ ಮೊದಲು ಎಂದು ಹೇಳುವುದಿಲ್ಲ.

ಇನ್ನು ದಕ್ಷಿಣ ಅಮೆರಿಕಕ್ಕೆ ಬರೋಣ. ೧೮೩೨ರಲ್ಲಿ ಬೀಗಲ್ ಹಡಗಿನಲ್ಲಿ ಅಲ್ಲಿಗೆ ಹೋದ ತರುಣ ಚಾರ್ಲ್ಸ್ ಡಾರ್ವಿನ್, ಅರ್ಜೆಂಟೀನದ ಬಾಹಿಯಾ ಬ್ಲಾಂಕಾ ಸಮೀಪದ ಪುಂಟಾ ಆಲ್ಟಾ ಎಂಬಲ್ಲಿ ಕಡಲ ದಂಡೆಯ ಮಣ್ಣಿನಿಂದ ಭಾರಿ ಭಾರಿ ಎಲುಬುಗಳನ್ನು ಅಗೆದು ತೆಗೆದ. ಮರುವರ್ಷ ಉರುಗ್ವೆಯ ಒಂದು ಹಳ್ಳಿಮನೆಯಲ್ಲಿ ಖಡ್ಗಮೃಗದಷ್ಟು ದೊಡ್ಡದಾದ ಪ್ರಾಣಿಯೊಂದರ ತಲೆಬುರುಡೆ ಅವನ ಕಣ್ಣಿಗೆ ಬಿತ್ತು. ಹುಡುಗರು ಅದನ್ನು ಗುರಿಯಾಗಿಟ್ಟುಕೊಂಡು ಕಲ್ಲು ಹೊಡೆದು ಹಲ್ಲುಗಳನ್ನು ಉದುರಿಸಿದ್ದರು. ಹದಿನೆಂಟು ಪೆನ್ನಿ ಕೊಟ್ಟು ಡಾರ್ವಿನ್ ಅದನ್ನು ಕೊಂಡುಕೊಂಡ. ಲಂಡನ್ನಿನಲ್ಲಿ ಅದನ್ನು ಪರೀಕ್ಷಿಸಿದ ರಿಚರ್ಡ್ ಓವೆನ್ ಅದಕ್ಕೆ ಟಾಕ್ಸೊಡಾನ್ ಎಂದು ಹೆಸರಿಟ್ಟ. ೧೮೩೪ರಲ್ಲಿ ಪ್ಯಾಟಗೋನಿಯದ ಸಾನ್ ಹೂಲಿಯನ್ ಬಂದರಿನಲ್ಲಿ ಡಾರ್ವಿನ್ನನಿಗೆ ಸಿಕ್ಕಿದ ಇನ್ನೊಂದು ಪ್ರಾಣಿ ಮ್ಯಾಕ್ರೌಕೀನಿಯ. ಉದ್ದ ಕೊರಳಿನ, ಒಂಟೆಯನ್ನು ನೆನಪಿಗೆ ತರುವ, ಆದರೆ ಒಂಟೆಯಲ್ಲದ ಪ್ರಾಣಿ. ಇವು ಯಾವ ಪ್ರಾಣಿಗಳ ನಂಟರು ಎಂಬ ಪ್ರಶ್ನೆ ನೂರೆಂಬತ್ತು ವರ್ಷ ಹಾಗೆಯೇ ಉಳಿದಿತ್ತು. ೨೦೧೫ರಲ್ಲಿ ಇವುಗಳ ಎಲುಬಿನಲ್ಲಿ ಉಳಿದಿದ್ದ ಕೊಲಾಜೆನ್ ಎಂಬ ಪ್ರೋಟೀನನ್ನು ಪರೀಕ್ಷಿಸಿದ ವಿಜ್ಞಾನಿಗಳು, ಕುದುರೆ, ಖಡ್ಗಮೃಗ, ಟೇಪಿರ್‌ಗಳ ಗುಂಪೇ ಇವಕ್ಕೆ ಹತ್ತಿರದ್ದೆಂದು ಕಂಡುಕೊಂಡರು.

ಈ ಪ್ರಾಣಿಗಳ ವಿಚಿತ್ರ ರೂಪಕ್ಕೆ ಕಾರಣವುಂಟು. ಆಫ್ರಿಕದಿಂದ ಬೇರ್ಪಟ್ಟು, ಕೊನೆಗೆ ಅಂಟಾರ್ಕ್ಟಿಕದಿಂದಲೂ ಕಳಚಿಕೊಂಡ ದಕ್ಷಿಣ ಅಮೆರಿಕ ಕೋಟ್ಯಂತರ ವರ್ಷ ಒಂಟಿ ದ್ವೀಪವಾಗಿತ್ತು. ಸುಮಾರು ೩೦ ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಏರ್ಪಟ್ಟು ಉತ್ತರ ಅಮೆರಿಕಕ್ಕೆ ದಾರಿಯಾಗುವವರೆಗೆ ಅಲ್ಲಿನ ಪ್ರಾಣಿಗಳು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಬೆಳೆದವು. ಹೊರಗಿನಿಂದ ಬಂದು ಸೇರಿದವು ತೀರ ಕಡಿಮೆ. ಗೊರಸಿನ ಪ್ರಾಣಿಗಳು ಮಾಡುವ ಕೆಲಸವನ್ನು ಅಲ್ಲಿ ಬೇರೆಯೇ ವಂಶಗಳು ಮಾಡುತ್ತಿದ್ದವು. ಬೇಟೆಯ ಮೃಗಗಳ ಸ್ಥಾನದಲ್ಲಿ ಹೊಟ್ಟೆಚೀಲದ ಪ್ರಾಣಿಗಳ ದಾಯಾದಿಗಳಿದ್ದವು. ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ೧೯೮೦ರಲ್ಲಿ ಈ ಖಂಡದ ಸಸ್ತನಿಗಳ ಇತಿಹಾಸವನ್ನು ಬರೆದಾಗ, ಆ ಪುಸ್ತಕಕ್ಕೆ ‘ಭವ್ಯ ಏಕಾಂತ’ ಎಂಬ ಅರ್ಥದ ಹೆಸರನ್ನಿಟ್ಟ.

ಈ ಏಕಾಂತವೇ ಕಾಲನಿರ್ಣಯ ಮಾಡಹೊರಟವರಿಗೆ ಕಂಟಕವಾಯಿತು. ಇಂಗ್ಲೆಂಡಿನ ಚಿಪ್ಪನ್ನೂ ಫ್ರಾನ್ಸಿನ ಚಿಪ್ಪನ್ನೂ ಹೋಲಿಸಿ ಇವೆರಡೂ ಒಂದೇ ಕಾಲದವು ಎನ್ನಬಹುದು. ಆದರೆ ಬೇರೆಲ್ಲಿಯೂ ಇಲ್ಲದ ಪ್ರಾಣಿಯನ್ನು ಯಾವುದರೊಡನೆ ಹೋಲಿಸುವುದು? ಪ್ಯಾಟಗೋನಿಯದ ಒಂದು ಪದರದಲ್ಲಿ ಸಿಕ್ಕಿದ ದವಡೆ ಯೂರೋಪಿನ ಯಾವ ಪದರಕ್ಕೂ ಹೊಂದುವುದಿಲ್ಲ. ಹೋಲುವಂತೆ ಕಂಡರೂ ಆ ಹೋಲಿಕೆಯನ್ನು ನಂಬುವ ಹಾಗಿಲ್ಲ. ಸಾಂತಾ ಕ್ರೂಸ್ ಪದರಗಳಲ್ಲಿ ಸಿಕ್ಕುವ ಥೋಥೇರಿಯಂ ಎಂಬ ಪುಟ್ಟ ಪ್ರಾಣಿಯ ಕಾಲನ್ನು ನೋಡಿದರೆ ಅದನ್ನು ಕುದುರೆಯೆಂದೇ ಹೇಳಬೇಕು. ಕುದುರೆಗಿರುವಂತೆ ಒಂದೇ ಬೆರಳು, ಒಂದೇ ಗೊರಸು. ಆದರೆ ಅದು ಕುದುರೆಯ ವಂಶದ್ದಲ್ಲ. ಕುದುರೆಗಳಿಗೆ ಒಂಟಿ ಗೊರಸು ಬರುವ ಮೊದಲೇ ಅದಕ್ಕೆ ಬಂದಿತ್ತು. ಒಂದೇ ಬಗೆಯ ಜೀವನ ಒಂದೇ ಬಗೆಯ ಅಂಗವನ್ನು ಬೇರೆ ಬೇರೆ ವಂಶಗಳಿಗೆ, ಬೇರೆ ಬೇರೆ ಕಾಲದಲ್ಲಿ ಕೊಡಬಲ್ಲದು.

ಈ ಇಕ್ಕಟ್ಟಿನ ನಡುವೆ ಕೆಲಸಕ್ಕಿಳಿದವರು ಅರ್ಜೆಂಟೀನದ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಫ್ಲೋರೆಂಟಿನೊ ಅಮೆಗೀನೊ, ತಮ್ಮ ಕಾರ್ಲೋಸ್. ಅಣ್ಣ ಲಾ ಪ್ಲಾಟಾ ನಗರದಲ್ಲಿ ಪುಸ್ತಕದಂಗಡಿ ಇಟ್ಟುಕೊಂಡು ಅದರ ವರಮಾನದಿಂದ ತಮ್ಮನನ್ನು ಪ್ಯಾಟಗೋನಿಯಕ್ಕೆ ಕಳುಹಿಸುತ್ತಿದ್ದ. ೧೮೮೭ರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾರ್ಲೋಸ್ ಆ ಗಾಳಿಯ ಬಯಲುಗಳಲ್ಲಿ ಮತ್ತೆ ಮತ್ತೆ ಸುತ್ತಿದ. ನೀರು ಅಪರೂಪ, ಜನವಸತಿ ವಿರಳ, ವರ್ಷವಿಡೀ ಬೀಸುವ ಗಾಳಿ. ಅವನು ಎಲುಬುಗಳನ್ನು ಆರಿಸಿ ಕಳುಹಿಸುವಾಗ ಒಂದು ಶಿಸ್ತನ್ನು ಬಿಡಲಿಲ್ಲ: ಯಾವ ಎಲುಬು ಯಾವ ಪದರದಲ್ಲಿ ಸಿಕ್ಕಿತು, ಆ ಪದರದ ಕೆಳಗೇನಿತ್ತು, ಮೇಲೇನಿತ್ತು ಎಂಬುದನ್ನು ಗುರುತು ಹಾಕಿಕೊಂಡ. ಅಣ್ಣ ಮನೆಯಲ್ಲಿ ಕುಳಿತು ಆ ಎಲುಬುಗಳನ್ನು ವರ್ಣಿಸಿ ಹೆಸರಿಟ್ಟ. ಇಬ್ಬರೂ ಸೇರಿ ಪ್ಯಾಟಗೋನಿಯದ ಸಸ್ತನಿಗಳ ಒಂದು ಮೆಟ್ಟಿಲಸಾಲನ್ನೇ ಕಟ್ಟಿ ನಿಲ್ಲಿಸಿದರು.

ಆ ಮೆಟ್ಟಿಲುಗಳಿಗೆ ಇಂದು ಸ್ಥಳಗಳ ಹೆಸರುಗಳಿವೆ. ಕಸಮಯೋರ್ ಎಂಬ ಜಾಗದಿಂದ ಕಸಮಯೋರ ಯುಗ, ಮುಸ್ತೆರ್ಸ್ ಸರೋವರದಿಂದ ಮುಸ್ತೆರ್ಸ್ ಯುಗ, ದೆಸೆಯಾದೊ ನದಿಯಿಂದ ದೆಸೆಯಾದೊ ಯುಗ, ಸಾಂತಾ ಕ್ರೂಸ್ ಸೀಮೆಯಿಂದ ಸಾಂತಾ ಕ್ರೂಸ್ ಯುಗ. ಇವನ್ನು ದಕ್ಷಿಣ ಅಮೆರಿಕದ ಸಸ್ತನಿಯುಗಗಳು ಎಂದು ಕರೆಯುವುದು ರೂಢಿ. ಇಂಥ ಇಂಥ ಪ್ರಾಣಿಗಳು ಒಟ್ಟಿಗೆ ಸಿಕ್ಕಿದರೆ ಅದು ಇಂಥ ಯುಗ. ರಾಜರ ಹೆಸರಿನಿಂದ ಕಾಲವನ್ನು ಗುರುತಿಸಿದಂತೆ ಇದು. ಯಾವ ರಾಜನ ನಂತರ ಯಾವನು ಬಂದನೆಂಬುದು ಗೊತ್ತು. ಆದರೆ ಶಾಸನದಲ್ಲಿ ಶಕವರ್ಷವಿಲ್ಲ.

ಶಕವರ್ಷವಿಲ್ಲದ ಕಡೆ ಅದನ್ನು ಊಹಿಸಿಕೊಳ್ಳುವ ಆಸೆ ಸಹಜ. ಫ್ಲೋರೆಂಟಿನೊ ಆ ಆಸೆಗೆ ಒಳಗಾದ. ಸಸ್ತನಿಗಳಿರುವ ಅತ್ಯಂತ ಕೆಳಗಿನ ಪದರಗಳು ಕ್ರಿಟೇಷಿಯಸ್ ಯುಗದವು, ಅಂದರೆ ಡೈನೊಸಾರುಗಳು ಇನ್ನೂ ಬದುಕಿದ್ದ ಕಾಲದವು ಎಂದು ಅವನು ತೀರ್ಮಾನಿಸಿದ. ಮೇಲಿನ ಪದರಗಳೂ ಅದಕ್ಕೆ ತಕ್ಕಂತೆ ಹಿಂದಕ್ಕೆ ಸರಿದವು. ಇದರಿಂದ ಒಂದು ದೊಡ್ಡ ಪರಿಣಾಮ ಉಂಟಾಯಿತು. ಪ್ಯಾಟಗೋನಿಯದ ಪ್ರಾಣಿಗಳು ಅಷ್ಟು ಹಳೆಯವಾದರೆ, ಕುದುರೆ, ಆನೆ, ಕೋತಿಗಳಂತಹ ಲೋಕದ ಸಸ್ತನಿಗಳೆಲ್ಲವೂ ಅವುಗಳಿಂದ ಹುಟ್ಟಿ ಉತ್ತರಕ್ಕೆ ಹರಡಿದವೆಂದು ಹೇಳಬಹುದಲ್ಲವೇ? ಫ್ಲೋರೆಂಟಿನೊ ಹಾಗೆಯೇ ಹೇಳಿದ. ಥೋಥೇರಿಯಂನಂಥವು ಅವನಿಗೆ ಕುದುರೆಯ ಬಂಧುಗಳಾಗಿ ಕಂಡವು. ೧೮೯೧ರಲ್ಲಿ ಸಾಂತಾ ಕ್ರೂಸ್ ಪದರಗಳ ಒಂದು ಪುಟ್ಟ ಕೋತಿಗೆ ಅವನು ಇಟ್ಟ ಹೆಸರು ಹೊಮುಂಕ್ಯುಲಸ್, ಅಂದರೆ ಕಿರುಮಾನವ. ಕೊನೆಗೆ ಮನುಷ್ಯನ ತವರೂ ಪಂಪಾ ಬಯಲೇ ಎಂಬ ವಾದಕ್ಕೆ ಅವನು ಬಂದು ನಿಂತ. ೧೯೦೯ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ ಸಿಕ್ಕಿದ ತಲೆಬುರುಡೆಯ ತುಣುಕೊಂದನ್ನು ಮನುಷ್ಯನ ಪೂರ್ವಜನದೆಂದು ಪ್ರಕಟಿಸಿದ.

ಇದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಹೊಸದಾಗಿ ತಲೆಯೆತ್ತುತ್ತಿದ್ದ ಒಂದು ದೇಶಕ್ಕೆ, ಮಾನವಕುಲ ಹುಟ್ಟಿದ್ದು ನಮ್ಮ ನೆಲದಲ್ಲಿ ಎಂಬ ಮಾತು ಎಷ್ಟು ಹಿತವಾಗಿ ಕೇಳಿಸಿರಬಹುದೆಂಬುದನ್ನು ನಾವು ಊಹಿಸಬಲ್ಲೆವು. ಆದರೆ ಆ ಇಡೀ ಕಟ್ಟಡ ನಿಂತಿದ್ದು ಒಂದೇ ಕಂಬದ ಮೇಲೆ: ಆ ಕಲ್ಲು ಇಷ್ಟು ಹಳೆಯದು ಎಂಬ ಊಹೆಯ ಮೇಲೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ ೧೮೯೬ರಿಂದ ೧೮೯೯ರವರೆಗೆ ಪ್ಯಾಟಗೋನಿಯಕ್ಕೆ ಮೂರು ಬಾರಿ ಬಂದ ಜಾನ್ ಬೆಲ್ ಹ್ಯಾಚರ್ ಆ ಪದರಗಳು ಅಮೆಗೀನೊ ಹೇಳಿದ್ದಕ್ಕಿಂತ ಎಷ್ಟೋ ಹೊಸವೆಂದು ವಾದಿಸಿದ. ೧೯೧೧ರಲ್ಲಿ ಫ್ಲೋರೆಂಟಿನೊ ತೀರಿಕೊಂಡ. ಮರುವರ್ಷವೇ ಅಲೆಷ್ ಹರ್ಡ್‌ಲಿಚ್ಕ ಎಂಬ ಮಾನವಶಾಸ್ತ್ರಜ್ಞ, ಪ್ರಾಚೀನ ಮಾನವನ ಕುರುಹುಗಳೆನ್ನಲಾದವನ್ನು ಅರ್ಜೆಂಟೀನಕ್ಕೇ ಹೋಗಿ ಪರೀಕ್ಷಿಸಿ, ಅವು ಇಂದಿನ ಮನುಷ್ಯರವೇ ಎಂಬ ವರದಿಯನ್ನು ಪ್ರಕಟಿಸಿದ. ಕಂಬ ಕುಸಿಯಿತು, ಅದರೊಡನೆ ಮೇಲಿನ ಕಟ್ಟಡವೂ ಬಿತ್ತು.

ಇಲ್ಲಿ ನಾವು ಒಂದು ವಿವೇಚನೆ ಮಾಡಬೇಕು. ಬಿದ್ದುಹೋದದ್ದು ಅಣ್ಣನ ವರ್ಷಗಣನೆ. ತಮ್ಮನ ಪದರಗಳ ಕ್ರಮವಲ್ಲ. ೧೯೩೦ರಲ್ಲಿ ಪ್ಯಾಟಗೋನಿಯಕ್ಕೆ ಬಂದ ಸಿಂಪ್ಸನ್, ಕಾರ್ಲೋಸ್ ನಡೆದ ದಾರಿಯಲ್ಲೇ ನಡೆದು, ಅವನ ಕ್ರಮವನ್ನು ಆಧಾರವಾಗಿಟ್ಟುಕೊಂಡೇ ಮುಂದಿನ ಕೆಲಸ ಮಾಡಿದ. ಚುಬುತ್ ಪ್ರಾಂತದಲ್ಲಿ ಕೊಲುವೆ ಉವಾಪಿ ಎಂಬ ಸರೋವರದ ದಕ್ಷಿಣಕ್ಕೆ ಗ್ರಾನ್ ಬರ್ರಾಂಕ ಎಂಬ ಕಡಿದಾದ ಉದ್ದನೆಯ ದಂಡೆಯಿದೆ. ಹೆಸರಿನ ಅರ್ಥವೂ ದೊಡ್ಡ ದಂಡೆ ಎಂದೇ. ಅಲ್ಲಿ ಕಸಮಯೋರ ಯುಗದಿಂದ ಮೊದಲುಗೊಂಡು ಹಲವು ಸಸ್ತನಿಯುಗಗಳು ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುತ್ತವೆ. ಅಷ್ಟು ಉದ್ದದ ಕಾಲದ ಪ್ರಾಣಿಗಳು ಒಂದೇ ಜಾಗದಲ್ಲಿ ಅನುಕ್ರಮವಾಗಿ ದೊರೆಯುವ ಸ್ಥಳ ದಕ್ಷಿಣಾರ್ಧ ಗೋಳದಲ್ಲಿ ಅಪರೂಪ. ಕಸಮಯೋರ ಯುಗ ಈಯೊಸೀನ್ ಕಾಲದ ಆರಂಭದ್ದು, ಅಂದರೆ ಸುಮಾರು ಐದೂವರೆ ಕೋಟಿ ವರ್ಷ ಹಿಂದಿನದು ಎಂಬುದು ಆಮೇಲೆ ಬಹುಕಾಲ ಒಪ್ಪಿಗೆಯಲ್ಲಿದ್ದ ಅಭಿಪ್ರಾಯ. ಪ್ರಾಣಿಗಳು ಎಷ್ಟು ವಿಕಾಸ ಹೊಂದಿವೆ ಎಂಬುದನ್ನು ನೋಡಿ ಮಾಡಿದ ವಿವೇಕಯುತ ಊಹೆ ಅದು. ಆದರೂ ಊಹೆಯೇ.

ಹಾಗಾದರೆ ನಿಜವಾದ ವರ್ಷವನ್ನು ಹೇಳಬಲ್ಲ ಸಾಕ್ಷಿ ಯಾವುದು? ಆ ಸಾಕ್ಷಿ ಅಲ್ಲಿಯೇ, ಅದೇ ದಂಡೆಯಲ್ಲಿಯೇ ಬಿದ್ದಿತ್ತು. ಗ್ರಾನ್ ಬರ್ರಾಂಕದ ಪದರಗಳು ಬಹುಪಾಲು ಜ್ವಾಲಾಮುಖಿಗಳಿಂದ ಹಾರಿಬಂದು ಬಿದ್ದ ಬೂದಿ. ಕೋಟ್ಯಂತರ ವರ್ಷ ಜ್ವಾಲಾಮುಖಿಗಳು ಉಗುಳಿದ ಬೂದಿಯನ್ನು ಗಾಳಿ ಹೊತ್ತು ತಂದು ಆ ಬಯಲಿನಲ್ಲಿ ಹರಡಿತು; ಪ್ರಾಣಿಗಳ ಎಲುಬುಗಳು ಅದರಲ್ಲಿಯೇ ಹೂತುಹೋದವು. ಈ ಬೂದಿಯ ಕೆಲವು ಹರಳುಗಳಲ್ಲಿ ಪ್ರಕೃತಿ ಇಟ್ಟ ಗಡಿಯಾರವಿದೆ.

ಆ ಗಡಿಯಾರದ ಬಗೆ ಹೀಗೆ. ಪೊಟ್ಯಾಸಿಯಂ ಎಂಬ ಮೂಲವಸ್ತುವಿನಲ್ಲಿ ಒಂದು ಅಲ್ಪಭಾಗ ವಿಕಿರಣಶೀಲವಾದುದು. ಅದರಲ್ಲಿ ಅರ್ಧದಷ್ಟು ಬೇರೆ ವಸ್ತುಗಳಾಗಿ ಮಾರ್ಪಡಲು ೧೨೫ ಕೋಟಿ ವರ್ಷ ಬೇಕು. ಮಾರ್ಪಡುವಾಗ ಅದರ ನೂರರಲ್ಲಿ ಸುಮಾರು ಹನ್ನೊಂದು ಪಾಲು ಆರ್ಗಾನ್ ಎಂಬ ಅನಿಲವಾಗುತ್ತದೆ. ಕಲ್ಲು ಕರಗಿ ಕುದಿಯುತ್ತಿರುವಾಗ ಆ ಅನಿಲ ತಪ್ಪಿಸಿಕೊಂಡು ಹೋಗುತ್ತದೆ. ಹರಳು ಗಟ್ಟಿಯಾಗಿ ತಣಿದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಜ್ವಾಲಾಮುಖಿ ಸಿಡಿದ ದಿನವೇ ಗಡಿಯಾರದ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಇಂದು ಆ ಹರಳಿನಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಆರ್ಗಾನ್ ಎಷ್ಟು ಕೂಡಿದೆ ಎಂದು ಅಳೆದರೆ ಎಷ್ಟು ಕಾಲ ಕಳೆದಿದೆಯೆಂಬುದು ತಿಳಿಯುತ್ತದೆ. ಎಲುಬಿನ ಕೆಳಗಿನ ಬೂದಿಗೊಂದು ವಯಸ್ಸು, ಮೇಲಿನ ಬೂದಿಗೊಂದು ವಯಸ್ಸು ದೊರೆತರೆ, ಪ್ರಾಣಿ ಅವೆರಡರ ನಡುವೆ ಬದುಕಿತ್ತೆಂದು ಧೈರ್ಯವಾಗಿ ಹೇಳಬಹುದು. ಇಲ್ಲಿ ಪ್ರಾಣಿಯ ರೂಪದ ಪ್ರಶ್ನೆಯೇ ಇಲ್ಲ. ಅದು ಕುದುರೆಯನ್ನು ಹೋಲಲಿ, ಒಂಟೆಯನ್ನು ಹೋಲಲಿ, ಬೂದಿಗೆ ಅದರ ಗೊಡವೆಯಿಲ್ಲ.

೧೯೭೭ರಲ್ಲಿ ಲ್ಯಾರಿ ಮಾರ್ಷಲ್, ಲಾ ಪ್ಲಾಟಾದ ರೊಸೆಂಡೊ ಪಾಸ್ಕುವಲ್, ಗಾರ್ನಿಸ್ ಕರ್ಟಿಸ್ ಮತ್ತು ರಾಬರ್ಟ್ ಡ್ರೇಕ್ ಇವರು ಈ ಕ್ರಮದಿಂದ ಪ್ಯಾಟಗೋನಿಯದ ಸಸ್ತನಿಪದರಗಳಿಗೆ ವರ್ಷಗಳನ್ನು ನಿರ್ಣಯಿಸಿ ಪ್ರಕಟಿಸಿದರು. ರಾಜರ ಪಟ್ಟಿಗೆ ಶಕವರ್ಷ ಬೀಳತೊಡಗಿತು. ಆದರೆ ಆ ಲೆಕ್ಕ ದೊರೆತದ್ದು ಮಧ್ಯದ ಮತ್ತು ಮೇಲಿನ ಮೆಟ್ಟಿಲುಗಳಿಗೆ. ಕೆಳಗಿನ ಕಸಮಯೋರ ಯುಗದ ಐದೂವರೆ ಕೋಟಿ ಇನ್ನೂ ಊಹೆಯಾಗಿಯೇ ಉಳಿದಿತ್ತು.

೧೯೯೯ರಲ್ಲಿ ರಿಚರ್ಡ್ ಕೇ ಮತ್ತು ಅವರ ಸಂಗಡಿಗರು ಗ್ರಾನ್ ಬರ್ರಾಂಕದ ಬೂದಿಯನ್ನು ಇನ್ನೂ ಸೂಕ್ಷ್ಮವಾದ ಆರ್ಗಾನ್ ವಿಧಾನದಿಂದ ಪರೀಕ್ಷಿಸಿದರು. ಅದರೊಡನೆ ಇನ್ನೊಂದು ಉಪಾಯವನ್ನೂ ಬಳಸಿದರು. ಭೂಮಿಯ ಅಯಸ್ಕಾಂತ ಆಗಾಗ ತಲೆಕೆಳಗಾಗುತ್ತದೆ, ಉತ್ತರ ದಕ್ಷಿಣವಾಗುತ್ತದೆ. ಕೊನೆಯ ಬಾರಿ ಹಾಗಾದದ್ದು ಸುಮಾರು ೭.೮ ಲಕ್ಷ ವರ್ಷಗಳ ಹಿಂದೆ. ಪದರಗಳಲ್ಲಿನ ಕಬ್ಬಿಣದ ಕಣಗಳು ತಾವು ನೆಲಸಿದ ಕಾಲದ ದಿಕ್ಕನ್ನು ಹಿಡಿದಿಟ್ಟುಕೊಂಡಿರುವುದರಿಂದ, ದಂಡೆಯ ಉದ್ದಕ್ಕೂ ನೆಟ್ಟಗಿನ ಮತ್ತು ತಲೆಕೆಳಗಿನ ಪಟ್ಟೆಗಳನ್ನು ಗುರುತಿಸಿ, ಲೋಕಕ್ಕೆಲ್ಲ ಒಂದೇ ಆಗಿರುವ ಪಟ್ಟೆಗಳ ಪಟ್ಟಿಗೆ ಹೊಂದಿಸಿ ನೋಡಬಹುದು. ಎರಡೂ ಕೂಡಿ ಕೊಟ್ಟ ಉತ್ತರ ವಿದ್ವಾಂಸರನ್ನು ಬೆಚ್ಚಿಬೀಳಿಸಿತು. ಕಸಮಯೋರ ಯುಗದ ಆ ಭಾಗ ಐದೂವರೆ ಕೋಟಿ ವರ್ಷದ್ದಲ್ಲ. ಬರಿಯ ೩ ಕೋಟಿ ೬೬ ಲಕ್ಷದಿಂದ ೩ ಕೋಟಿ ೫೩ ಲಕ್ಷ ವರ್ಷಗಳ ಹಿಂದಿನದು. ಒಂದೇ ಏಟಿಗೆ ಸುಮಾರು ೧.೮ರಿಂದ ೨ ಕೋಟಿ ವರ್ಷ ಕಳೆದುಹೋಯಿತು.

ಇಷ್ಟು ದೂರದ ಕಾಲದಲ್ಲಿ ಎರಡು ಕೋಟಿ ವರ್ಷ ಆಚೀಚೆಯಾದರೆ ಏನಂತೆ ಎಂದು ಕೇಳುಗರು ಕೇಳಬಹುದು. ವ್ಯತ್ಯಾಸವಿದೆ. ಕಾರಣವನ್ನೂ ಕಾರ್ಯವನ್ನೂ ಗುರುತಿಸುವುದು ಕಾಲದಿಂದಲ್ಲವೇ? ಮಗನಿಗಿಂತ ತಂದೆ ಆಮೇಲೆ ಹುಟ್ಟಿರಲಾರ. ಈ ಮಾತನ್ನು ಹಲ್ಲಿನ ಒಂದು ಉದಾಹರಣೆಯಿಂದಲೇ ವಿವರಿಸುತ್ತೇನೆ.

ಹುಲ್ಲು ಮೇಯುವ ಪ್ರಾಣಿಗಳ ದವಡೆಹಲ್ಲು ಬಹಳ ಎತ್ತರವಾಗಿರುತ್ತದೆ. ಕುದುರೆ, ದನಗಳ ಹಲ್ಲು ಒಸಡಿನೊಳಗೆ ಆಳವಾಗಿ ಇಳಿದಿದ್ದು, ಮೇಲೆ ಸವೆದಂತೆಲ್ಲ ಕೆಳಗಿನಿಂದ ಎದ್ದುಬರುತ್ತದೆ. ಹುಲ್ಲಿನಲ್ಲಿ ಸಿಲಿಕಾ ಎಂಬ ಮರಳಿನಂಥ ವಸ್ತುವಿರುವುದರಿಂದ ಹಲ್ಲು ಬೇಗ ಸವೆಯುತ್ತದೆ. ಕಬ್ಬಿನ ಗರಿಯಿಂದ ಕೈ ಗೀರಿಸಿಕೊಂಡವರಿಗೆ, ಬತ್ತದ ಹೊಟ್ಟಿನ ಕರಿಯಲ್ಲಿ ಹಲ್ಲುಜ್ಜಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದ್ದರಿಂದ ಎತ್ತರದ ಹಲ್ಲು ಕಂಡರೆ ಹುಲ್ಲುಗಾವಲಿತ್ತು ಎಂದು ಊಹಿಸುವುದು ವಾಡಿಕೆ. ದಕ್ಷಿಣ ಅಮೆರಿಕದಲ್ಲಿ ಇಂಥ ಹಲ್ಲು ಬೇರೆಲ್ಲ ಖಂಡಗಳಿಗಿಂತ ಬಹಳ ಮೊದಲೇ ಕಾಣಿಸಿಕೊಂಡಿತು. ೧೯೮೮ರಲ್ಲಿ ಚಿಲಿ ದೇಶದ ಆಂಡೀಸ್ ಪರ್ವತಗಳಲ್ಲಿ, ಟಿಂಗಿರಿರಿಕ ನದಿಯ ಕಣಿವೆಯಲ್ಲಿ ದೊರೆತ ಪ್ರಾಣಿಗಳು ಮುಸ್ತೆರ್ಸ್ ಮತ್ತು ದೆಸೆಯಾದೊ ಯುಗಗಳ ನಡುವೆ ಇದ್ದ ದೊಡ್ಡ ಕಂದರವನ್ನು ತುಂಬಿದವು. ಅಲ್ಲಿ ಸಸ್ಯಾಹಾರಿಗಳಲ್ಲಿ ಹೆಚ್ಚಿನವಕ್ಕೆ ಆಗಲೇ ಎತ್ತರದ ಹಲ್ಲುಗಳಿದ್ದವು. ಅವುಗಳ ಕಾಲ ಮೂರು ಕೋಟಿ ವರ್ಷಕ್ಕೂ ಹಿಂದೆ.

೧೯೯೯ರ ಲೆಕ್ಕದ ಪ್ರಕಾರ ಈ ಬದಲಾವಣೆ ೩.೬ ಕೋಟಿ ಮತ್ತು ೩.೨ ಕೋಟಿ ವರ್ಷಗಳ ನಡುವೆ ಆಗಿರಬೇಕು. ಸುಮಾರು ೩.೪ ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕದಲ್ಲಿ ಹಿಮ ಹಾಸಿ ಭೂಮಿಯ ಹವೆ ತಣ್ಣಗಾಯಿತು. ಎರಡೂ ಸರಿಸುಮಾರು ಒಂದೇ ಕಾಲ. ಹವೆ ತಣಿಯಿತು, ಕಾಡು ಹೋಯಿತು, ಹುಲ್ಲು ಬಂತು, ಹಲ್ಲು ಎತ್ತರವಾಯಿತು ಎಂಬ ಸರಪಳಿ ಎಷ್ಟು ಅಂದವಾಗಿ ಕೂಡಿಕೊಳ್ಳುತ್ತದೆ!

ಆದರೆ ವಿಜ್ಞಾನಿಗಳು ಅಲ್ಲಿಗೆ ಬಿಡಲಿಲ್ಲ. ೨೦೧೩ರಲ್ಲಿ ರೀಗನ್ ಡನ್ ಮತ್ತು ಸಂಗಡಿಗರು ಅದೇ ದಂಡೆಯ ಬೂದಿಯಿಂದ ಜಿರ್ಕಾನ್ ಎಂಬ ಹರಳುಗಳನ್ನು ಆಯ್ದರು. ಈ ಹರಳು ಹುಟ್ಟುವಾಗ ಯುರೇನಿಯಂ ಧಾತುವನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗುತ್ತದೆ. ಆದ್ದರಿಂದ ಈಗ ಅದರಲ್ಲಿರುವ ಸೀಸವೆಲ್ಲ ಬಹುಮಟ್ಟಿಗೆ ಕಳೆದ ಕಾಲದ ಗಳಿಕೆಯೇ. ಯುರೇನಿಯಂನಲ್ಲಿ ಬೇರೆ ಬೇರೆ ವೇಗದಲ್ಲಿ ಕ್ಷಯಿಸುವ ಎರಡು ಬಗೆಗಳಿರುವುದರಿಂದ, ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿದ್ದು ಒಂದು ಇನ್ನೊಂದನ್ನು ತಪಾಸಣೆ ಮಾಡುತ್ತದೆ. ಈ ಪರೀಕ್ಷೆಯಲ್ಲಿ ಕಸಮಯೋರ ಯುಗದ ಅದೇ ಭಾಗಕ್ಕೆ ಬಂದ ಕಾಲ ೪ ಕೋಟಿ ೧೬ ಲಕ್ಷದಿಂದ ೩ ಕೋಟಿ ೯೦ ಲಕ್ಷ ವರ್ಷ. ಮುಂದಕ್ಕೆ ಬಂದ ಮುಳ್ಳು ಈಗ ಸುಮಾರು ನಲವತ್ತರಿಂದ ಐವತ್ತು ಲಕ್ಷ ವರ್ಷ ಹಿಂದಕ್ಕೆ ಸರಿಯಿತು. ಎತ್ತರದ ಹಲ್ಲುಗಳು ಕಾಣಿಸಿಕೊಂಡದ್ದು ಸುಮಾರು ೩ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ಎಂದಾಯಿತು. ಅಂದರೆ ಅಂಟಾರ್ಕ್ಟಿಕದ ಹಿಮಕ್ಕಿಂತ ನಲವತ್ತು ಲಕ್ಷ ವರ್ಷ ಮೊದಲು. ತಂದೆಗಿಂತ ಮಗನೇ ಮೊದಲಾದ.

ಅದೇ ವರ್ಷ ಕರೋಲೀನ್ ಸ್ಟ್ರೋಂಬೆರ್ಯ್ ಮತ್ತು ಸಂಗಡಿಗರು ಇನ್ನೊಂದು ಸಾಕ್ಷಿಯನ್ನು ವಿಚಾರಿಸಿದರು. ಗಿಡಗಳು ಕೊಳೆತು ಹೋದರೂ ಅವುಗಳ ಸಿಲಿಕಾ ಕಣಗಳು ಮಣ್ಣಿನಲ್ಲಿ ಉಳಿಯುತ್ತವೆ. ಹುಲ್ಲಿನ ಕಣದ ಆಕಾರ ಬೇರೆ, ತಾಳೆಯ ಜಾತಿಯ ಮರದ ಕಣದ ಆಕಾರ ಬೇರೆ. ಗ್ರಾನ್ ಬರ್ರಾಂಕದ ಪದರಗಳಲ್ಲಿ ಆ ಕಣಗಳನ್ನು ಎಣಿಸಿ ನೋಡಿದಾಗ ಹುಲ್ಲುಗಾವಲಿನ ಸುಳಿವೇ ಇಲ್ಲ! ಎತ್ತರದ ಹಲ್ಲಿನ ಪ್ರಾಣಿಗಳು ಮೊದಲು ಬದುಕಿದ್ದು ತಾಳೆಮರಗಳು ತುಂಬಿದ ಬಿಸಿನಾಡಿನ ಕಾಡಿನಲ್ಲಿ. ಹಾಗಾದರೆ ಹಲ್ಲನ್ನು ಸವೆಸಿದ್ದು ಯಾವುದು? ಅವರು ಬೊಟ್ಟು ಮಾಡಿದ್ದು ಬೂದಿಯ ಕಡೆಗೆ. ಎಲೆಗಳ ಮೇಲೆಲ್ಲ ಬೂದಿ ಬಿದ್ದಿರುತ್ತಿತ್ತು. ಗಾಜಿನ ಚೂರುಗಳಂಥ ಆ ಪುಡಿಯನ್ನು ಎಲೆಯೊಡನೆ ಅಗಿದ ಪ್ರಾಣಿಗಳ ಹಲ್ಲು ಸವೆದು, ಎತ್ತರದ ಹಲ್ಲಿನವು ಮಾತ್ರ ಹೆಚ್ಚು ಕಾಲ ಬಾಳಿದವು. ಯಾವ ಬೂದಿ ನಮಗೆ ವರ್ಷವನ್ನು ಹೇಳಿತೋ ಅದೇ ಬೂದಿ ಆ ಹಲ್ಲುಗಳನ್ನು ರೂಪಿಸಿತ್ತೆಂಬುದು ಅವರ ವಿವರಣೆ. ಹಲ್ಲನ್ನು ಮಾತ್ರ ನೋಡಿ ಹುಲ್ಲಿನ ಕಥೆ ಹೇಳಿದವರಿಗೆ ಇದು ತಿಳಿಯುವಂತಿರಲಿಲ್ಲ.

ಬೂದಿ ಬಿದ್ದ ಕಡೆ ಈ ಲೆಕ್ಕ ನಡೆಯುತ್ತದೆ, ಸರಿ. ಆದರೆ ಪ್ಯಾಟಗೋನಿಯದ ಪಂಚಾಂಗವನ್ನು ಇಡೀ ಖಂಡಕ್ಕೆ ಅನ್ವಯಿಸಬಹುದೇ? ಅದೂ ಸುಲಭವಲ್ಲ. ಭೂಮಧ್ಯರೇಖೆಗೆ ಸಮೀಪದ ಕೊಲಂಬಿಯದಲ್ಲಿ, ಮಗ್ದಲೇನಾ ನದಿಯ ಕಣಿವೆಯ ಲಾ ವೆಂಟಾ ಎಂಬಲ್ಲಿ ಕೋತಿ, ಮೊಸಳೆ, ಆಮೆಗಳೊಡನೆ ಸಮೃದ್ಧವಾದ ಸಸ್ತನಿಗಳ ಅವಶೇಷಗಳು ಸಿಕ್ಕಿವೆ. ಪ್ಯಾಟಗೋನಿಯದ ಯುಗಗಳ ಚೌಕಟ್ಟಿನಲ್ಲಿ ಅವು ಕೂರದಿದ್ದುದರಿಂದ ಅವುಗಳಿಗೆ ಲಾವೆಂಟಾ ಯುಗ ಎಂಬ ಬೇರೆ ಹೆಸರನ್ನೇ ಕೊಡಬೇಕಾಯಿತು. ಅಲ್ಲಿಯೂ ಬೂದಿಯಿಂದಲೇ ವರ್ಷ ದೊರೆಯಿತು. ಅದು ಸುಮಾರು ೧.೩ ಕೋಟಿ ವರ್ಷಗಳ ಆಸುಪಾಸಿನದು. ಒಂದು ಪ್ರಾಣಿ ದಕ್ಷಿಣದಲ್ಲಿ ಅಳಿದ ಮೇಲೂ ಉತ್ತರದ ಕಾಡಿನಲ್ಲಿ ಉಳಿದಿರಬಹುದು. ಒಂದೇ ಪ್ರಾಣಿ ಸಿಕ್ಕಿತೆಂದು ಎರಡೂ ಪದರಗಳು ಸಮಕಾಲೀನವೆಂದು ಸಾರಿದರೆ ಹಳೆಯ ತಪ್ಪೇ ಮರಳಿ ಬಂದಂತೆ.

ಈ ಕಥೆಗೂ ನಮ್ಮ ನಾಡಿಗೂ ಒಂದು ನಂಟಿದೆ. ಭಾರತವೂ ಒಂದು ಕಾಲಕ್ಕೆ ಒಂಟಿ ದ್ವೀಪವಾಗಿ ಸಾಗರದಲ್ಲಿ ತೇಲಿಬಂದ ನೆಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಕಪ್ಪು ಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದ ದಖನ್ನಿನ ಲಾವಾರಸದ ಹಾಸು. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಗಳು ತುಂಬಿ ಮಣ್ಣಿನ ತೆಳುಪದರಗಳು ಉಂಟಾದವು. ಇಂದಿನ ತೆಲಂಗಾಣದ ನಾಸ್ಕಲ್ ಎಂಬ ಊರಿನ ಅಂಥ ಒಂದು ಪದರದಲ್ಲಿ ದೊರೆತ ಪುಟ್ಟ ಸಸ್ತನಿ ಡೆಕ್ಕನೋಲೆಸ್ಟಿಸನ್ನು ೧೯೮೮ರಲ್ಲಿ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಪ್ರಕಟಿಸಿದರು. ಕ್ರಿಟೇಷಿಯಸ್ ಯುಗದ ಸಸ್ತನಿ ಭಾರತದಲ್ಲಿ ದೊರೆತದ್ದು ಅದೇ ಮೊದಲು. ೨೦೦೭ರಲ್ಲಿ ದಖನ್ ಲಾವಾ ಹಾಸುಗಳ ನಡುವಿನ ಮಣ್ಣಿನಲ್ಲಿಯೇ ದೊರೆತ ಇನ್ನೊಂದು ಸಸ್ತನಿಗೆ ಭಾರತ್‌ಥೀರಿಯಂ ಬೋನಪಾರ್ಟೈ ಎಂಬ ಹೆಸರು ಬಂತು. ಬೋನಪಾರ್ಟೆ ಎಂದರೆ ಫ್ರಾನ್ಸಿನ ಚಕ್ರವರ್ತಿಯಲ್ಲ. ಅರ್ಜೆಂಟೀನದ ಪ್ರಸಿದ್ಧ ಪ್ರಾಗ್ಜೀವಿವಿಜ್ಞಾನಿ ಹೊಸೆ ಬೋನಪಾರ್ಟೆ. ಅದರ ಬಂಧುವಾದ ಇನ್ನೊಂದು ಪ್ರಾಣಿ ಪ್ಯಾಟಗೋನಿಯದಲ್ಲಿ ಸಿಕ್ಕಿ, ೧೯೮೪ರಲ್ಲಿ ಅಮೆಗೀನೊ ಹೆಸರನ್ನು ಹೊತ್ತಿದೆ. ಎರಡಕ್ಕೂ ಎತ್ತರದ ದವಡೆಹಲ್ಲು! ಗೊಂಡ್ವಾನ ಎಂಬ ಮಹಾಖಂಡ ಒಡೆದು ದೂರ ಸರಿದ ತುಣುಕುಗಳಲ್ಲಿ ಹಂಚಿಹೋದ ಒಂದೇ ಕುಲ ಇವು. ಇಲ್ಲಿಯೂ ಅಷ್ಟೇ, ಹಲ್ಲು ನಂಟನ್ನು ಹೇಳಿತು. ಮೇಲೂ ಕೆಳಗೂ ಇದ್ದ ಲಾವಾ ವರ್ಷವನ್ನು ಹೇಳಿತು.

ಈ ನೂರಮೂವತ್ತು ವರ್ಷಗಳ ಚರಿತ್ರೆಯನ್ನು ನೋಡಿದಾಗ ನನಗೆ ಮುಖ್ಯವಾಗಿ ತೋರುವುದು ಇದು. ಕಸಮಯೋರ ಯುಗಕ್ಕೆ ಅಮೆಗೀನೊ ಕೊಟ್ಟ ಕಾಲ ನಿಲ್ಲಲಿಲ್ಲ. ಐದೂವರೆ ಕೋಟಿಯೂ ನಿಲ್ಲಲಿಲ್ಲ. ೧೯೯೯ರ ಲೆಕ್ಕವೂ ನಿಲ್ಲಲಿಲ್ಲ. ಇಂದಿನ ಲೆಕ್ಕ ನಾಳೆ ಇನ್ನಷ್ಟು ಸೂಕ್ಷ್ಮವಾಗಬಹುದು. ಪ್ರತಿಸಲ ವರ್ಷ ಬದಲಾದಾಗಲೂ ಅದರ ಮೇಲೆ ಕಟ್ಟಿದ ಕಾರಣಗಳೂ ಬದಲಾದವು: ಮಾನವನ ತವರಿನ ವಾದ ಹೋಯಿತು, ಹುಲ್ಲುಗಾವಲಿನ ವಾದ ಹೋಯಿತು, ಹಿಮದ ವಾದ ಸಡಿಲವಾಯಿತು. ಆದರೆ ಕಸಮಯೋರದ ಮೇಲೆ ಮುಸ್ತೆರ್ಸ್, ಅದರ ಮೇಲೆ ದೆಸೆಯಾದೊ, ಅದಕ್ಕೂ ಮೇಲೆ ಸಾಂತಾ ಕ್ರೂಸ್ ಎಂಬ ಕ್ರಮ ಮಾತ್ರ ಅಲುಗಲಿಲ್ಲ. ಅದನ್ನು ಯಂತ್ರದಿಂದ ಅಳೆದವರಿಲ್ಲ. ಗಾಳಿಗೆ ಮುಖವೊಡ್ಡಿ, ದಂಡೆಯನ್ನು ಹತ್ತಿ ಇಳಿದು, ಯಾವ ಎಲುಬು ಯಾವ ಪದರದ್ದೆಂದು ತಪ್ಪದೆ ಗುರುತು ಹಾಕಿಕೊಂಡ ಕಾರ್ಲೋಸನ ಕೆಲಸ ಅದು. ಇಂದು ಪ್ರಯೋಗಶಾಲೆಯಲ್ಲಿ ಒಂದು ಜಿರ್ಕಾನ್ ಹರಳಿನ ವಯಸ್ಸನ್ನು ಅಳೆದಾಗ, ಆ ವಯಸ್ಸು ಯಾವ ಪ್ರಾಣಿಗೆ ಸಲ್ಲಬೇಕೆಂದು ತಿಳಿಯುವುದು ಆ ಗುರುತುಗಳಿಂದಲೇ.